ಆಯಿಯ ನುಚ್ಚು, ಇಟಲಿಯ ಪೊಲೆಂಟಾ

2023ರ ನವೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಇಟಲಿಯ ಮಿಲಾನ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತೈದು ವರ್ಷ ಒಂದೇ ಕುರ್ಚಿಯಲ್ಲಿ ಕೂತವನಿಗೆ ವಿಮಾನದಲ್ಲಿ ಕೂರುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಅಲ್ಲಿನ ಚಳಿ. ಎರಡು ಸ್ವೆಟರ್ ಹಾಕಿಕೊಂಡು ಕಿಟಕಿಯ ಬಳಿ ಕೂತಿರುತ್ತಿದ್ದ ನನ್ನನ್ನು ನೋಡಿ, ಮೇಲಿನ ಮಹಡಿಯಲ್ಲಿದ್ದ ಇಟಲಿಯ ಅಜ್ಜಿಯೊಬ್ಬರು ಒಂದು ಭಾನುವಾರ ನಮ್ಮೆಲ್ಲರನ್ನೂ ಊಟಕ್ಕೆ ಕರೆದರು.

ಅವರ ಅಡುಗೆಮನೆಯಲ್ಲಿ ಒಲೆಯ ಮೇಲೆ ತಾಮ್ರದ ದೊಡ್ಡ ಪಾತ್ರೆ. ಅದರಲ್ಲಿ ಹಳದಿ ಬಣ್ಣದ ಏನೋ ಒಂದು ಕುದಿಯುತ್ತಿತ್ತು. ಅಜ್ಜಿ ಉದ್ದನೆಯ ಮರದ ಕೋಲಿನಿಂದ ಅದನ್ನು ತಿರುವುತ್ತಿದ್ದರು. ಮುಕ್ಕಾಲು ಗಂಟೆ ಕೈ ಬಿಡಲಿಲ್ಲ. ಆಮೇಲೆ ಪಾತ್ರೆಯನ್ನು ಮರದ ಹಲಗೆಯ ಮೇಲೆ ಬೋರಲು ಹಾಕಿದರು. ಹುಣ್ಣಿಮೆಯ ಚಂದ್ರನ ಹಾಗೆ ದುಂಡಗೆ ಕೂತಿತು. ಚಾಕು ತರುತ್ತಾರೇನೋ ಅಂದುಕೊಂಡರೆ ದಾರ ತಂದರು! ದಾರವನ್ನು ಅಡಿಗೆ ತೂರಿಸಿ ಮೇಲಕ್ಕೆ ಎಳೆದು ನೀಟಾಗಿ ಹೋಳು ಮಾಡಿದರು. ಅದರ ಮೇಲೆ ಬೆಣ್ಣೆ, ಚೀಸು, ಪಕ್ಕದಲ್ಲಿ ಅಣಬೆಯ ಪಲ್ಯ.

"ಇದೇ ಪೊಲೆಂಟಾ ಅಪ್ಪಾ. ಮೆಕ್ಕೆಜೋಳದ ರವೆಯದು" ಎಂದಳು ಮಗಳು.

ಒಂದು ತುತ್ತು ಬಾಯಿಗಿಟ್ಟೆ. ಗೊರಗೊರ, ಸಪ್ಪೆ, ಬಿಸಿ, ಹಿಂದಿನಿಂದ ಸಣ್ಣಗೆ ಒಂದು ಸಿಹಿ. ಕಣ್ಣು ಮುಚ್ಚಿದರೆ ಮಿಲಾನ್ ಮಾಯವಾಗಿ ಆಳಂದದ ಒಂದು ಹಿತ್ತಲು ಎದುರಿಗೆ ಬಂತು. ಇದು ನಮ್ಮ ನುಚ್ಚು!

ಅಷ್ಟರಲ್ಲಿ ಹನ್ನೊಂದು ವರ್ಷದ ಮೊಮ್ಮಗಳ ಕಡೆ ಕಣ್ಣು ಹೋಯಿತು. ಅವಳಿಗೆ ಪೊಲೆಂಟಾ ಎಂದರೆ ಆಗದು, ಶಾಲೆಯಲ್ಲಿ ಕೊಟ್ಟರೂ ತಿನ್ನುವುದಿಲ್ಲವಂತೆ. ಯಾರೂ ನೋಡುತ್ತಿಲ್ಲ ಅಂದುಕೊಂಡು ತನ್ನ ತಟ್ಟೆಯ ಹೋಳನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗೆ ಇಳಿಸಿಬಿಟ್ಟಳು. ಆ ಅಜ್ಜಿಗೆ ಗೊತ್ತಾಗಲಿಲ್ಲ. ನನಗೆ ಮಾತ್ರ ಎದೆ ಧಸಕ್ಕೆಂದಿತು. ಯಾಕೆಂದರೆ ಅಂಥದೇ ಕೆಲಸವನ್ನು ನಲವತ್ತೇಳು ವರ್ಷಗಳ ಹಿಂದೆ ನಾನೂ ಮಾಡಿದ್ದೆ. ಆಗ ನನಗೆ ಹನ್ನೊಂದಲ್ಲ, ಇಪ್ಪತ್ತೈದು ವರ್ಷ.

ಆ ರಾತ್ರಿ ಮೊಮ್ಮಗಳನ್ನು ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಈ ಕಥೆ ಹೇಳಿದೆ.

ಎಮ್ಮೆಯ ದೋಣಿ

ನಾನು ತೀರ್ಥಹಳ್ಳಿಯವನು. ಮಳೆ, ಅಡಿಕೆ, ಅಕ್ಕಿಯ ಗಂಜಿ, ಮಿಡಿ ಉಪ್ಪಿನಕಾಯಿ ಇಷ್ಟರಲ್ಲೇ ಬೆಳೆದವನು. ಬಿ.ಕಾಂ. ಮುಗಿಸಿ, ಪರೀಕ್ಷೆ ಬರೆದು, ಬ್ಯಾಂಕಿನ ನೇಮಕದ ಕಾಗದ ಬಂದಾಗ ಅದರಲ್ಲಿ ಊರಿನ ಹೆಸರು ಆಳಂದ ಎಂದಿತ್ತು. ಗುಲ್ಬರ್ಗಾದಿಂದ, ಅಂದರೆ ಇಂದಿನ ಕಲಬುರಗಿಯಿಂದ, ಸುಮಾರು 40 ಕಿಲೋಮೀಟರು. 1976ರ ಜುಲೈ. ಬಸ್ಸಿನ ಕಿಟಕಿಯಿಂದ ನೋಡಿದರೆ ಎರಡೂ ಕಡೆ ಕಪ್ಪು ನೆಲ. ಮರ ಎಲ್ಲೋ ಒಂದು. ಆಕಾಶ ಮಾತ್ರ ಬೇಕಾದಷ್ಟು. ನಮ್ಮ ಕಡೆ ಆಕಾಶ ನೋಡಬೇಕಾದರೆ ಅಂಗಳಕ್ಕೆ ಬಂದು ಕತ್ತೆತ್ತಬೇಕು; ಇಲ್ಲಿ ಅದು ಕಾಲಬುಡದಿಂದಲೇ ಶುರುವಾಗುತ್ತಿತ್ತು.

ಲಾಡ್ಲೆ ಮಶಾಕರ ದರ್ಗಾಕ್ಕೆ ಹೋಗುವ ಕಡೆಯ ಒಂದು ಓಣಿಯಲ್ಲಿ ಕೋಣೆ ಸಿಕ್ಕಿತು. ಮನೆಯ ಯಜಮಾನರ ತಾಯಿಯನ್ನು ಇಡೀ ಓಣಿಯೇ 'ಆಯಿ' ಎನ್ನುತ್ತಿತ್ತು. ಆ ಕಡೆ ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ನಾನು ಟ್ರಂಕು ಇಳಿಸಿದ ದಿನವೇ ಆಯಿ ಹಿತ್ತಾಳೆಯ ಬಟ್ಟಲಲ್ಲಿ ಬಿಸಿ ಬಿಸಿ ಜೋಳದ ನುಚ್ಚು, ಮೇಲೆ ಮಜ್ಜಿಗೆ, ಒಂದು ಉಳ್ಳಾಗಡ್ಡಿ ಇಟ್ಟುಕೊಂಡು ಬಂದರು. "ಉಣ್ಣು ತಮ್ಮಾ, ದಣದ ಬಂದೀದಿ" ಎಂದು ಇಟ್ಟು ಹೋದರು.

ಒಂದು ತುತ್ತು ತಿಂದೆ. ಮರಳು ಬೆರೆಸಿದ ಅನ್ನದಂತೆ ಅನ್ನಿಸಿತು. ಎರಡನೆಯದು ಗಂಟಲಲ್ಲಿ ಇಳಿಯಲಿಲ್ಲ. ಬಾಗಿಲು ಸರಿಸಿ ನೋಡಿದೆ, ಯಾರೂ ಇಲ್ಲ. ಹಿತ್ತಲಿಗೆ ಹೋಗಿ, ಎಮ್ಮೆಗೆ ಕಲಗಚ್ಚು ಹಾಕುವ ಕಲ್ಲಿನ ದೋಣಿಗೆ ಬಟ್ಟಲನ್ನು ಬಗ್ಗಿಸಿದೆ. ಬಟ್ಟಲು ತೊಳೆದು ಹೊಸ್ತಿಲ ಬಳಿ ಇಟ್ಟೆ. ಬುದ್ಧಿವಂತನಾದೆ ಅಂದುಕೊಂಡೆ.

ಸಂಜೆ ಆಯಿ ಬಟ್ಟಲು ತೆಗೆದುಕೊಂಡು ಹೋಗಲು ಬಂದರು. ಸಿಟ್ಟಿಲ್ಲ, ಸೆಡವಿಲ್ಲ. ಮೆಲ್ಲಗೆ ಅಂದರು: "ಎಮ್ಮಿಗಿ ಬ್ಯಾರೆ ಇಟ್ಟಿರತೀನಿ ತಮ್ಮಾ. ಅದು ನಿನ್ನ ಪಾಲಿಂದಿತ್ತು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಪ್ಪಾಯಿತು ಎನ್ನಬೇಕಿತ್ತು. ಅನ್ನಲಿಲ್ಲ. ಹೊಸ ಕೆಲಸದ ಬಿಂಕ, ನಾಚಿಕೆ ಎರಡೂ ಸೇರಿ ನಾಲಿಗೆ ಕಟ್ಟಿತ್ತು. ಆ ಮನೆಯಲ್ಲಿ ಎಂಟು ಜನ ಇದ್ದರು, 1972ರ ಬರದ ಏಟಿನಿಂದ ಇನ್ನೂ ಪೂರ್ತಿ ಎದ್ದಿರಲಿಲ್ಲ, ಒಂದು ಬಟ್ಟಲು ನುಚ್ಚೆಂದರೆ ಯಾರದೋ ಹೊಟ್ಟೆಯ ಒಂದು ಮೂಲೆ ಎಂಬುದೆಲ್ಲ ನನಗೆ ತಿಳಿಯುತ್ತಾ ಹೋದದ್ದು ಆಮೇಲೆ.

ಎರಡು ತಿಂಗಳು ಖಾನಾವಳಿಯ ಊಟ ಮಾಡಿದೆ. ಮೂರನೆಯ ತಿಂಗಳಲ್ಲಿ ಜ್ವರ ಬಂದು ಮಲಗಿದೆ. ಏನು ತಿಂದರೂ ನಿಲ್ಲುತ್ತಿರಲಿಲ್ಲ. ಆಗ ಆಯಿ ಬಂದರು, ಮತ್ತೆ ಅದೇ ಹಿತ್ತಾಳೆಯ ಬಟ್ಟಲು. ಈ ಸಲ ನುಚ್ಚನ್ನು ತೆಳ್ಳಗೆ ಬೇಯಿಸಿ, ಮಜ್ಜಿಗೆ ಹಾಕಿ, ಚಿಟಿಕೆ ಉಪ್ಪು ಕದಡಿದ್ದರು. ಪಕ್ಕದಲ್ಲೇ ಕೂತರು. ದೋಣಿಗೆ ಹಾಕಲು ದಾರಿಯಿರಲಿಲ್ಲ! ಕುಡಿದೆ. ಹೊಟ್ಟೆಯಲ್ಲಿ ನಿಂತಿತು. ಮಾರನೆಯ ದಿನ ನಾನಾಗಿಯೇ ಕೇಳಿದೆ. ನಾಲ್ಕನೆಯ ದಿನ ಗಟ್ಟಿ ನುಚ್ಚಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆ. ರುಚಿ ಎನ್ನುವುದು ನಾಲಿಗೆಗೆ ತಾನಾಗಿ ಬರುವುದಿಲ್ಲ ಮಕ್ಕಳೇ, ನಾವು ಅದಕ್ಕೆ ನಾಲ್ಕು ದಿನದ ಸಾವಕಾಶ ಕೊಡಬೇಕು.

ಆಯಿ ಕಲಿಸಿದ ಲೆಕ್ಕ

ಗುಣವಾದ ಮೇಲೆ ಭಾನುವಾರಗಳಂದು ಆಯಿಯ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನುಚ್ಚು ಮಾಡುವುದನ್ನು ಕಲಿತೆ. ಮೊದಲು ಜೋಳಕ್ಕೆ ನೀರು ಚಿಮುಕಿಸಿ, ಒರಳಲ್ಲಿ ಹಗುರಾಗಿ ಕುಟ್ಟಿ ಮೇಲಿನ ಹೊಟ್ಟು ಬಿಡಿಸುತ್ತಿದ್ದರು. ನೆರಳಲ್ಲಿ ಆರಿಸಿ, ಬೀಸುವ ಕಲ್ಲಿನಲ್ಲಿ ದಪ್ಪಗೆ ಒಡೆಯುತ್ತಿದ್ದರು. ಸಾಣಿಗೆಯಲ್ಲಿ ಹಿಡಿದರೆ ಕೆಳಗೆ ಬಿದ್ದ ಹಿಟ್ಟು ರೊಟ್ಟಿಗೆ, ಮೇಲೆ ಉಳಿದ ಕಾಳಿನ ಚೂರು ನುಚ್ಚಿಗೆ. ಮೊರದಲ್ಲಿ ಕೇರಿದ ಹೊಟ್ಟು ಎಮ್ಮೆಗೆ. ಒಂದು ಕಣವೂ ಲೆಕ್ಕ ತಪ್ಪುತ್ತಿರಲಿಲ್ಲ. ನಮ್ಮ ಬ್ಯಾಂಕಿನ ಲೆಡ್ಜರ್ ಕೂಡ ದಿನದ ಕೊನೆಗೆ ಅಷ್ಟು ಸರಿಯಾಗಿ ಕೂಡುತ್ತಿರಲಿಲ್ಲ.

ಮಾಡುವ ಕ್ರಮ ಇದು. ಅಜ್ಜ ಅಜ್ಜಿಯರು ಒಲೆಯ ಮುಂದೆ ನಿಲ್ಲಲಿ, ಮಕ್ಕಳು ಅಳೆದು ಕೊಡಲಿ. ಒಂದು ಲೋಟ ನುಚ್ಚನ್ನು ತೊಳೆದು ಅರ್ಧ ಗಂಟೆ ನೆನೆಸಿ. ನಾಲ್ಕು ಲೋಟ ನೀರಿಗೆ ಉಪ್ಪು ಹಾಕಿ ಚೆನ್ನಾಗಿ ಕುದಿ ಬರಿಸಿ. ನುಚ್ಚನ್ನು ಒಮ್ಮೆಗೇ ಸುರಿಯಬೇಡಿ. ಒಂದು ಕೈಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಇನ್ನೊಂದು ಕೈಯಲ್ಲಿ ತಿರುವಬೇಕು, ಇಲ್ಲವಾದರೆ ಗಂಟು ಕಟ್ಟುತ್ತದೆ. ಉರಿ ಸಣ್ಣಗೆ ಮಾಡಿ, ಆಗಾಗ ತಳದಿಂದ ತಿರುವುತ್ತಾ ಅರ್ಧ ಗಂಟೆ ಬೇಯಿಸಿ. ಒಂದು ಚೂರನ್ನು ಬೆರಳಲ್ಲಿ ಒತ್ತಿದರೆ ಹಿಚುಕಿ ಹೋಗಬೇಕು. ಇಳಿಸಿ, ಮುಚ್ಚಿ, ಹತ್ತು ನಿಮಿಷ ಹಾಗೇ ಬಿಡಿ. ಈ ಕೊನೆಯ ಹತ್ತು ನಿಮಿಷ ಅವಸರ ಮಾಡುವವರಿಗೆ ನುಚ್ಚು ಒಲಿಯುವುದಿಲ್ಲ. ಬಿಸಿಯಾಗಿದ್ದಾಗ ಬೇಳೆ ಸಾರು ಅಥವಾ ಪುಂಡಿ ಪಲ್ಯ, ಆರಿದ ಮೇಲೆ ಮಜ್ಜಿಗೆ.

ಇಟಲಿಯ ಅಜ್ಜಿಯ ಲೆಕ್ಕವೂ ಹೆಚ್ಚು ಕಡಿಮೆ ಇದೇ: ಒಂದು ಪಾಲು ರವೆಗೆ ನಾಲ್ಕು ಪಾಲು ನೀರು, ಸ್ವಲ್ಪ ಸ್ವಲ್ಪವೇ ಸುರಿಯುವುದು, ಬಿಡದೆ ತಿರುವುವುದು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ!

ದೂರದಿಂದ ಬಂದ ಎರಡು ಕಾಳು

ಮಿಲಾನಿನಲ್ಲಿ ಮೊಮ್ಮಗಳು ಕೇಳಿದಳು: "ಅಜ್ಜಾ, ನಮ್ಮ ಜೋಳವನ್ನು ಅವರು ಕದ್ದರಾ, ಅವರದನ್ನು ನಾವು ಕದ್ದೆವಾ?"

ಯಾರೂ ಕದಿಯಲಿಲ್ಲ. ನಮ್ಮ ಬಿಳಿಜೋಳದ ತವರು ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆಯೇ ಅದು ನಮ್ಮ ನಾಡಿಗೆ ಬಂದು ಕಪ್ಪು ಮಣ್ಣಿನಲ್ಲಿ ಬೇರು ಬಿಟ್ಟಿತು. ಮೆಕ್ಕೆಜೋಳದ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲೆ ಅದು ಯುರೋಪಿಗೆ ಬಂತು. ಪೊಲೆಂಟಾ ಎಂಬ ಹೆಸರು ಮಾತ್ರ ಇನ್ನೂ ಹಳೆಯದು. ರೋಮನ್ನರ ಕಾಲದಲ್ಲಿ ಬಾರ್ಲಿಯ ನುಚ್ಚಿಗೆ ಆ ಹೆಸರಿತ್ತು. ಮೆಕ್ಕೆಜೋಳ ಬಂದ ಮೇಲೆ ಉತ್ತರ ಇಟಲಿಯ ಬಡವರು ಅದನ್ನೇ ಬೇಯಿಸಿ ಅದೇ ಹೆಸರಿನಲ್ಲಿ ಕರೆದರು.

ಇಲ್ಲೊಂದು ದುಃಖದ ಕಥೆಯೂ ಇದೆ. ಅಲ್ಲಿನ ರೈತರಲ್ಲಿ ಅನೇಕರಿಗೆ ಪೊಲೆಂಟಾ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ಅವರ ಚರ್ಮ ಒರಟಾಗಿ ಸುಲಿಯತೊಡಗಿತು, ಭೇದಿ ಹಿಡಿಯಿತು, ಕೆಲವರಿಗೆ ಬುದ್ಧಿ ಕೆಟ್ಟಿತು. 1771ರಲ್ಲಿ ಮಿಲಾನಿನ ವೈದ್ಯ ಫ್ರಾಂಚೆಸ್ಕೊ ಫ್ರಾಪೊಲ್ಲಿ ಈ ರೋಗವನ್ನು 'ಪೆಲ್ಲಾಗ್ರಾ' ಎಂಬ ಹೆಸರಿನಿಂದ ಬಣ್ಣಿಸಿದ. ಒರಟು ಚರ್ಮ ಎಂದೇ ಅದರ ಅರ್ಥ. ನಯಾಸಿನ್ ಎಂಬ ಜೀವಸತ್ವದ ಕೊರತೆ ಇದಕ್ಕೆ ಕಾರಣವೆಂದು ತಿಳಿಯಲು ಇನ್ನೂ ನೂರೈವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಮೆಕ್ಸಿಕೊದ ಹೆಂಗಸರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿ ಬಳಸುತ್ತಿದ್ದರು. ಅದರಿಂದ ಆ ಜೀವಸತ್ವ ದೇಹಕ್ಕೆ ಸಿಗುತ್ತಿತ್ತು. ಹಡಗಿನಲ್ಲಿ ಕಾಳು ಬಂತು, ಆ ಹೆಂಗಸರ ತಿಳಿವಳಿಕೆ ಬರಲಿಲ್ಲ.

ನಮ್ಮಲ್ಲೂ ಬರೀ ಜೋಳ ತಿಂದೇ ಬದುಕುವ ದಖ್ಖನಿನ ಬಡವರಲ್ಲಿ ಈ ರೋಗ ಇದ್ದುದನ್ನು 1960ರ ಸುಮಾರಿಗೆ ಸಿ. ಗೋಪಾಲನ್, ಎಸ್.ಜಿ. ಶ್ರೀಕಂಟಿಯ ಎಂಬ ಪೋಷಣಾ ವಿಜ್ಞಾನಿಗಳು ವಿವರಿಸಿದರು. ಹಾಗೆಂದು ಜೋಳ ಕೆಟ್ಟದ್ದಲ್ಲ. ಒಂಟಿ ಊಟ ಕೆಟ್ಟದ್ದು. ಆಯಿ ನುಚ್ಚಿನ ಜೊತೆಗೆ ಮಜ್ಜಿಗೆ, ಬೇಳೆ, ಪುಂಡಿ ಸೊಪ್ಪು, ಶೇಂಗಾ ಇವುಗಳಲ್ಲಿ ಏನಾದರೂ ಒಂದು ಇರಲೇಬೇಕು ಎನ್ನುತ್ತಿದ್ದದ್ದು ಬರೀ ರುಚಿಗಾಗಿ ಅಲ್ಲ.

ಹೊಳೆ ಹೋದ ದಾರಿ

ಆಳಂದ ತಾಲ್ಲೂಕಿನಲ್ಲಿ ಹುಟ್ಟುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಜೇವರ್ಗಿ ಸೀಮೆಗೆ ಹರಿದು, ರಾಯಚೂರಿನ ಕಡೆ ಕೃಷ್ಣೆಗೆ ಕೂಡುತ್ತದೆ. ನನ್ನ ವರ್ಗಾವಣೆಗಳೂ ಹೊಳೆ ಹೋದ ದಾರಿಯಲ್ಲೇ ಆದವು. 1981ರಲ್ಲಿ ಅಫಜಲಪುರ, 1985ರಲ್ಲಿ ಜೇವರ್ಗಿ.

ಅಫಜಲಪುರಕ್ಕೆ ಹೋದ ಮರುವರ್ಷ ಮದುವೆಯಾಯಿತು. ನನ್ನ ಹೆಂಡತಿಯೂ ಮಲೆನಾಡಿನವಳೇ. ಮೊದಲ ದಿನ ನಾನೇ ನುಚ್ಚು ಮಾಡಿ ಬಡಿಸಿದೆ. ಅವಳು ನನ್ನ ಮುಖ ನೋಡಿದಳು, ಬಟ್ಟಲು ನೋಡಿದಳು, "ಇದು ಹಕ್ಕಿಗಾ?" ಎಂದಳು. ನಮ್ಮ ಮನೆಯಲ್ಲಿ ಎಮ್ಮೆ ಇರಲಿಲ್ಲವಾದ್ದರಿಂದ ಹೆದರಿಕೆಯಾಗಲಿಲ್ಲ! ನೆರೆಮನೆಯವರು ಪುಂಡಿ ಪಲ್ಯ ಮಾಡುವುದನ್ನು ಅವಳಿಗೆ ಕಲಿಸಿದರು. ಹುಳಿ ಸೊಪ್ಪು, ಬೇಳೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ. ಅದು ಹೊಂದಿಕೊಳ್ಳಲು ಅದರೊಳಗೂ ಒಂದು ಹಿಡಿ ಜೋಳದ ನುಚ್ಚೇ ಬೀಳಬೇಕು. ಪಲ್ಯದ ದಾರಿಯಿಂದ ಅವಳೂ ನುಚ್ಚಿಗೆ ಬಂದಳು.

ಜೇವರ್ಗಿಯಲ್ಲಿದ್ದಾಗ ಬೆಳೆ ಸಾಲದ ಕೆಲಸಕ್ಕೆ ಮ್ಯಾನೇಜರರ ಜೊತೆ ಹಳ್ಳಿಗಳಿಗೆ ಹೋಗುತ್ತಿದ್ದೆ. ಕಪ್ಪು ಮಣ್ಣಿನ ಹಿಂಗಾರಿ ಜೋಳದ ಸೋಜಿಗ ಕಂಡದ್ದು ಅಲ್ಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತುತ್ತಾರೆ, ಆಮೇಲೆ ಮಳೆ ಬರದಿದ್ದರೂ ನೆಲ ಹಿಡಿದಿಟ್ಟುಕೊಂಡ ತೇವ, ಚಳಿಗಾಲದ ಇಬ್ಬನಿ ಇಷ್ಟರಲ್ಲೇ ಆಳೆತ್ತರ ಬೆಳೆದು ಮುತ್ತಿನಂಥ ತೆನೆ ಕೊಡುತ್ತದೆ. ಅಲ್ಲಿ ಹೆಸರಾದ ತಳಿ ಮಾಲದಂಡಿ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆರಿಸಿ ತೆಗೆದ ಎಂ 35-1 ತಳಿ ಇಂದಿಗೂ ಹೊಲದಲ್ಲಿದೆ. ಹಿಂದೆ ಕಾಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ಇಡುತ್ತಿದ್ದರು. ಬರಗಾಲಕ್ಕೆ ಅದೇ ಠೇವಣಿ.

ಇಷ್ಟು ವರ್ಷ ಸುತ್ತಮುತ್ತಲೇ ಇದ್ದೆ. ಆಳಂದಕ್ಕೆ ನಾಲ್ಕಾರು ಸಲ ಹೋಗಿ ಆಯಿಯನ್ನು ನೋಡಿ ಬಂದೆ. ಪ್ರತಿ ಸಲವೂ ಆ ಮಾತು ಬಾಯಿ ತುದಿಗೆ ಬಂದು ನಿಲ್ಲುತ್ತಿತ್ತು. 1989ರಲ್ಲಿ ದಕ್ಷಿಣಕ್ಕೆ ವರ್ಗವಾಯಿತು. ಆಯಿ ತೀರಿಕೊಂಡ ಸುದ್ದಿ ಒಂದು ಅಂಚೆ ಕಾರ್ಡಿನಲ್ಲಿ ಬಂತು.

ಹೊಳೆಗೆ ಎದುರಾಗಿ

"ಅಜ್ಜಾ, ಆ ದೋಣಿ ನನಗೆ ತೋರಿಸು" ಎಂದು ಮೊಮ್ಮಗಳು ಹಟ ಹಿಡಿದಳು. 2024ರ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ರಜೆಗೆ ಬಂದವಳನ್ನು ಕರೆದುಕೊಂಡು ಹೊರಟೆ. ಈ ಸಲ ಹೊಳೆಗೆ ಎದುರಾಗಿ: ಮೊದಲು ಜೇವರ್ಗಿ, ಕೊನೆಗೆ ಆಳಂದ.

ಡಿಸೆಂಬರ್ 30 ಎಳ್ಳ ಅಮಾವಾಸ್ಯೆ. ಕಟ್ಟಿಸಂಗಾವಿಯ ಸೇತುವೆಯಲ್ಲಿ ಭೀಮೆಯನ್ನು ದಾಟಿ, ಹಳೆಯ ಪರಿಚಯದ ರೈತರೊಬ್ಬರ ಹೊಲಕ್ಕೆ ಹೋದೆವು. ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಭೂಮಿತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಜೋಳದ ಬೆಳೆಯ ನಡುವೆ ಕೂತು ಉಣ್ಣುವ ಹಬ್ಬ. ಸಜ್ಜೆ ರೊಟ್ಟಿ, ಎಲ್ಲ ಬಗೆಯ ಕಾಳು ಸೊಪ್ಪು ಸೇರಿದ ಭಜ್ಜಿ, ಶೇಂಗಾ ಹೋಳಿಗೆ, ಮಣ್ಣಿನ ಗಡಿಗೆಯಲ್ಲಿ ತಣ್ಣಗಿನ ಜೋಳದ ಅಂಬಲಿ. ಮೊಮ್ಮಗಳು ಅಂಬಲಿಯನ್ನು ಮೂಸಿ ನೋಡಿ, ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ಕೆಳಗಿಡಲಿಲ್ಲ, ಇನ್ನೊಂದು ಗುಟುಕು ಕುಡಿಯಲೂ ಇಲ್ಲ. ಅಷ್ಟಾದರೂ ಆಯಿತಲ್ಲ!

ಮಾರನೆಯ ದಿನ ಗಾಣಗಾಪುರ. ದಾರಿಯಲ್ಲಿ ನಾನು ಕಂಡಿದ್ದ ಜೋಳದ ಹೊಲಗಳಲ್ಲಿ ಎಷ್ಟೋ ಕಡೆ ಈಗ ಕಬ್ಬು, ತೊಗರಿ. ಸಂಗಮ ನೋಡಿಕೊಂಡು ಮಧ್ಯಾಹ್ನದ ಹೊತ್ತಿಗೆ ದತ್ತನ ಗುಡಿಯ ಬಳಿ ಬಂದೆವು. ದತ್ತಾತ್ರೇಯ ಸ್ವಾಮಿ ದಿನವೂ ಮಧ್ಯಾಹ್ನ ಯಾವುದೋ ರೂಪದಲ್ಲಿ ಇಲ್ಲಿ ಭಿಕ್ಷೆಗೆ ಬರುತ್ತಾನೆಂದು ಭಕ್ತರ ನಂಬಿಕೆ. ಆದ್ದರಿಂದ ಬಂದವರು ಭಿಕ್ಷೆ ಹಾಕುತ್ತಾರೆ, ತಾವೂ ಬೇಡುತ್ತಾರೆ. ಇದನ್ನು ಮಧುಕರಿ ಎನ್ನುತ್ತಾರೆ. ಕಾರಿನಲ್ಲಿ ಬಂದ ಸಾಹುಕಾರನೂ ಐದು ಕಡೆ ಕೈಯೊಡ್ಡಬೇಕು. ಮೊಮ್ಮಗಳೂ ತಟ್ಟೆ ಹಿಡಿದಳು. ಒಬ್ಬರು ಅನ್ನ ಹಾಕಿದರು, ಒಬ್ಬರು ರೊಟ್ಟಿಯ ಚೂರು, ಒಬ್ಬರು ಅವಳಿಗೆ ಸೇರದ ಬದನೆಕಾಯಿ ಪಲ್ಯ.

"ಇದು ಬೇಡ ಅನ್ನಬಹುದಾ ಅಜ್ಜಾ?"

"ಭಿಕ್ಷೆಯಲ್ಲಿ ಬೇಕು ಬೇಡ ಇಲ್ಲ ಪುಟ್ಟೀ."

ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ತಿಂದಳು. ನಾನು ಒಂದು ಮಾತೂ ಆಡಲಿಲ್ಲ.

2025ರ ಹೊಸ ವರ್ಷದ ದಿನ ಆಳಂದ. ಓಣಿಯಲ್ಲಿ ಕಾಂಕ್ರೀಟಿನ ರಸ್ತೆ, ಮನೆಯ ಮುಂಭಾಗದಲ್ಲಿ ಹೊಸ ಕಟ್ಟಡ. ಹಿಂದಿನ ಭಾಗ ಮಾತ್ರ ಹಾಗೇ ಇತ್ತು. ಆಗ ಹೊಸ ಮದುಮಗಳಾಗಿದ್ದ ಆಯಿಯ ಮೊಮ್ಮಗನ ಹೆಂಡತಿ ಈಗ ತಾನೇ ಅಜ್ಜಿಯಾಗಿದ್ದಾರೆ. "ಅಣ್ಣಾರ, ಬರ್ರಿ ಬರ್ರಿ" ಎಂದು ಕೈ ಹಿಡಿದುಕೊಂಡರು. ಹಿತ್ತಲಿನಲ್ಲಿ ಎಮ್ಮೆ ಇಲ್ಲ. ದೋಣಿ ಇತ್ತು, ಒಳಗೆ ಮಣ್ಣು ತುಂಬಿ ಚೆಂಡುಹೂ ಹಾಕಿದ್ದರು. ಮೊಮ್ಮಗಳು ಬಹಳ ಹೊತ್ತು ಅದರ ಅಂಚನ್ನು ಮುಟ್ಟುತ್ತಾ ನಿಂತಳು.

ನುಚ್ಚು ಮಾಡುತ್ತೀರಾ ಎಂದು ಕೇಳಿದೆ. "ಯಾರ ತಿಂತಾರ್ರೀ ಅಣ್ಣಾರ? ಪಡಿತರದಾಗ ಅಕ್ಕಿ ಬರತದ. ಹುಡುಗರಿಗಿ ಅನ್ನಾನೇ ಬೇಕು. ಬೀಸೋಕಲ್ಲ ಮೂಲ್ಯಾಗ ಕುಂತದ" ಎಂದು ನಕ್ಕರು. ನಾನು ಚೀಲದಿಂದ ಪೊಟ್ಟಣ ತೆಗೆದೆ. ಜೇವರ್ಗಿಯ ಹೊಲದವರು ಕೊಟ್ಟಿದ್ದ ಜೋಳದ ನುಚ್ಚು. "ಇವತ್ತು ಅಡುಗೆ ನನ್ನದು ತಂಗೀ" ಎಂದೆ. ಅವರು ಬೇಡವೆಂದರೂ ಬಿಡದೆ, ಆಯಿಯ ಅದೇ ಅಡುಗೆಮನೆಯಲ್ಲಿ, ಈಗ ಗ್ಯಾಸ್ ಒಲೆಯ ಮೇಲೆ, ನೀರಿಟ್ಟೆ. ಮೊಮ್ಮಗಳು ಸುರಿದಳು, ನಾನು ತಿರುವಿದೆ. ಮುಚ್ಚಿಟ್ಟು ಹತ್ತು ನಿಮಿಷ ಕಾಯುವಾಗ, ನಲವತ್ತೆಂಟು ವರ್ಷ ಹೇಳದೇ ಉಳಿದಿದ್ದನ್ನು ಹೇಳಿಬಿಟ್ಟೆ. ದೋಣಿಗೆ ಸುರಿದದ್ದು, ಆಯಿ ನೋಡಿದ್ದು, ನಾನು ತಪ್ಪಾಯಿತೆನ್ನದೇ ಹೋದದ್ದು, ಎಲ್ಲ.

ಅವರು ಅಚ್ಚರಿಯಿಂದ ನೋಡಿದರು. "ನಮಗ ಯಾರಿಗೂ ಗೊತ್ತೇ ಇಲ್ರಿ. ಆಯಿ ಒಂದಿನಾನೂ ಹೇಳಿಲ್ಲ. ನಿಮ್ಮ ಸುದ್ದಿ ಬಂದಾಗೆಲ್ಲ ಆಕಿ ಹೇಳೂದು ಒಂದೇ ಇತ್ತು. ಆ ಬ್ಯಾಂಕಿನ ಹುಡುಗ ನುಚ್ಚು ಛಲೋ ತಿರುವತಾನ ಅಂತಿದ್ಲು."

ನಾನು ಮುಖ ಆ ಕಡೆ ತಿರುಗಿಸಿ ಮುಚ್ಚಳ ತೆಗೆದೆ. ಹಬೆ ಬಂತು, ಕಣ್ಣೊರೆಸಿಕೊಳ್ಳಲು ನೆವವಾಯಿತು.

ಎಲ್ಲರೂ ಸುತ್ತ ಕೂತೆವು. ಆ ಮನೆಯ ಮಕ್ಕಳು ಮೊದಲು ಮೂಗು ಮುರಿದರು. ಮಿಲಾನಿನಿಂದ ಬಂದ ಹುಡುಗಿ ತಿನ್ನುತ್ತಿರುವುದನ್ನು ಕಂಡು ತಾವೂ ಬಟ್ಟಲು ಹಿಡಿದರು. ಮೊಮ್ಮಗಳು ಮಜ್ಜಿಗೆ ಹಾಕಿಸಿಕೊಂಡು ತನ್ನ ಪಾಲನ್ನು ಪೂರ್ತಿ ಮುಗಿಸಿದಳು. ತುಂಬಾ ರುಚಿಯಾಗಿದೆ ಎಂದೇನೂ ಹೇಳಲಿಲ್ಲ, ಅವಳು ಸುಳ್ಳು ಹೇಳುವವಳಲ್ಲ. "ಪರವಾಗಿಲ್ಲ ಅಜ್ಜಾ. ಇನ್ನೂ ಮೂರು ದಿನ ಬಾಕಿ ಇದೆಯಲ್ಲ" ಎಂದಳು.

ಮಿಲಾನಿಗೆ ಮರಳಿದ ಮೇಲೆ ಮಗಳು ಫೋನ್ ಮಾಡಿದ್ದಳು. ಒಂದು ಭಾನುವಾರ ಮೊಮ್ಮಗಳು ತಾನಾಗಿಯೇ ಮೇಲಿನ ಮಹಡಿಯ ಅಜ್ಜಿಯ ಮನೆಗೆ ಹೋಗಿದ್ದಳಂತೆ. ಪೊಲೆಂಟಾ ತಿರುವುವುದಕ್ಕೆ.